ಮಹೇಶ್ವರಿ ಪುಸ್ತಕ ಮುಚ್ಚಿ ಪೇಪರ್ ಬರೆದಳು

ಅಬ್ಬಿಗೇರಿಯಲ್ಲಿ ಯಾರಾದರೂ ಒಳ್ಳೆಯ ಅಂಕ ತೆಗೆದರೆ, ಮುಂದಿನ ಪರೀಕ್ಷೆಯ ಫಲಿತಾಂಶವನ್ನೂ ಊರೇ ಹೇಳಿಬಿಡುತ್ತದೆ. ಮಾಳಪ್ಪನ ಮಗಳು ಮಹೇಶ್ವರಿಯ ವಿಷಯದಲ್ಲಿ ಹೀಗೇ ಆಯಿತು. ಅವಳು ಧಾರವಾಡದ ಹಾಸ್ಟೆಲಿನಲ್ಲಿದ್ದು ಮನಃಶಾಸ್ತ್ರದಲ್ಲಿ ಎಂ.ಎ. ಮುಗಿಸಿದ್ದಳು. ನೂರಕ್ಕೆ ಎಪ್ಪತ್ತೆಂಟು. ಮುಂದೆ ಕ್ಲಿನಿಕಲ್ ಸೈಕಾಲಜಿ ಓದಬೇಕು, ಅಂದರೆ ಮಾನಸಿಕ ಕಾಯಿಲೆ ಇರುವವರನ್ನು ಪರೀಕ್ಷಿಸಿ ಮಾತಿನ ಮೂಲಕ ಚಿಕಿತ್ಸೆ ಕೊಡುವ ತರಬೇತಿ ಪಡೆಯಬೇಕು ಎಂದಿದ್ದಳು. ಹಿಟ್ಟಿನ ಗಿರಣಿಯಲ್ಲಿ, ಬಸ್ ನಿಲ್ದಾಣದಲ್ಲಿ ಎಲ್ಲರದೂ ಒಂದೇ ಮಾತು: ಸೀಟು ಸಿಕ್ಕ ಹಾಗೆಯೇ. ಸೀಟು ಎಷ್ಟಿವೆ ಎಂದು ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಮಹೇಶ್ವರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಅವಳು ಹಾಕಿದ್ದು ಒಂದೇ ಅರ್ಜಿ, ಬೆಂಗಳೂರಿನ ಒಂದು ದೊಡ್ಡ ಸಂಸ್ಥೆಗೆ. ಅದೇ ವೇಳೆಗೆ ಗಜೇಂದ್ರಗಡದ ಒಂದು ಕಾಲೇಜಿನವರು ಪಾಠ ಮಾಡಲು ಕರೆದಿದ್ದರು. ಶುಕ್ರವಾರದೊಳಗೆ ಉತ್ತರ ಬೇಕಿತ್ತು. ಅವಳು ಬೇಡವೆನ್ನಲು ತಯಾರಾಗಿದ್ದಳು. ಸೀಟು ಸಿಗದಿದ್ದರೆ ಓದೂ ಇಲ್ಲ, ಕೆಲಸವೂ ಇಲ್ಲ. ಹೀಗೆ ಒಂದು ವರ್ಷ ಮನೆಯಲ್ಲಿ ಕೂತ ಹುಡುಗಿ ಮತ್ತೆ ಓದಲು ಹೊರಡುವುದು ನಮ್ಮ ಕಡೆ ಎಷ್ಟು ಕಷ್ಟವೆಂದು ಬಿಡಿಸಿ ಹೇಳಬೇಕಾಗಿಲ್ಲ.

ಮಾಳಪ್ಪನ ಚಿಂತೆ ಬೇರೆ. ಇಂಥ ಸೀಟು ವಶೀಲಿ ಇಲ್ಲದೆ ಸಿಗುವುದಿಲ್ಲ ಎಂದು ಅವನು ನಂಬಿದ್ದ. ಜೂನ್ ಮೊದಲ ವಾರದ ಮಂಗಳವಾರ, ಹೆಸರುಕಾಳಿನ ಬೀಜ ತರಲು ರೋಣಕ್ಕೆ ಹೊರಟವನು ಮಗಳನ್ನೂ ಕರೆದುಕೊಂಡು ಹೋದ. ಬೀಜದ ಚೀಲ ಹೊತ್ತುಕೊಂಡೇ ಸರಕಾರಿ ಆಸ್ಪತ್ರೆಗೆ ನಡೆದ. ಅಲ್ಲಿಗೆ ಮಂಗಳವಾರಕ್ಕೊಮ್ಮೆ ಕಾಶೀಂಬಿ ಬರುತ್ತಾಳೆ. ಗಜೇಂದ್ರಗಡದವಳು, ಕ್ಲಿನಿಕಲ್ ಸೈಕಾಲಜಿ ಓದಿ ಬಂದವಳು, ಹಾಸ್ಟೆಲಿನಲ್ಲಿ ಮಹೇಶ್ವರಿಗಿಂತ ಹಿರಿಯಳು.

ರೋಗಿಗಳೆಲ್ಲ ಹೋದ ಮೇಲೆ ಮೂವರೂ ಹೊರಗಿನ ಬೆಂಚಿನ ಮೇಲೆ ಕೂತರು. ಮಾಳಪ್ಪ ದನಿ ತಗ್ಗಿಸಿದ.

"ಮೇಡಮ್ಮಾರ, ಯಾರನ್ನ ಹಿಡೀಬೇಕು ಅದನ್ನಷ್ಟ ಹೇಳ್ರಿ. ಹೋಗಿ ಕೈಕಾಲ ಹಿಡದು ಬರ್ತೀನಿ."

"ವಶೀಲಿ ನಡೀತಿದ್ರ ನಾ ಎರಡ ಸಲ ಯಾಕ ಬೀಳ್ತಿದ್ದೆ, ಕಾಕಾ?" ಎಂದಳು ಕಾಶೀಂಬಿ. "ನನಗ ಸಿಕ್ಕಿದ್ದು ಮೂರನೇ ಸಲಕ್ಕ."

ಕಾಶೀಂಬಿ ಮಹೇಶ್ವರಿಯ ಕಡೆ ತಿರುಗಿ ಒಂದೊಂದೇ ಕೇಳಿದಳು. ಒಟ್ಟು ಸೀಟು ಎಷ್ಟು, ನಿನ್ನ ಮೀಸಲಾತಿ ವರ್ಗಕ್ಕೆ ಎಷ್ಟು, ಹೋದ ವರ್ಷ ಎಷ್ಟು ಮಂದಿ ಬರೆದರು, ಸಂದರ್ಶನಕ್ಕೆ ಕರೆದವರಲ್ಲಿ ಕೊನೆಯವರ ಅಂಕ ಎಷ್ಟು? ಇಬ್ಬರೂ ಮೊಬೈಲಿನಲ್ಲಿ ಹುಡುಕಿ ನೋಡಿದರು. ಸೀಟು ಹನ್ನೆರಡು. ಅವಳ ವರ್ಗಕ್ಕೆ ಎರಡು. ಬರೆದವರು ಸಾವಿರದ ಮೇಲೆ. ಅವಳ ವರ್ಗದಲ್ಲಿ ಕೊನೆಗೆ ಕರೆ ಬಂದದ್ದು ಅರವತ್ತೊಂದಕ್ಕೆ.

ಎಂ.ಎ.ದಾಗ ಎಪ್ಪತ್ತೆಂಟು ಐತೆಲ್ಲ ಎಂದ ಮಾಳಪ್ಪ.

"ಅದು ಗೇಟ್ ದಾಟಾಕ, ಕಾಕಾ. ಒಳಗ ಬಂದವರೆಲ್ಲಾ ಎಪ್ಪತ್ತೆಂಟರವರ ಇರ್ತಾರ."

ಮಹೇಶ್ವರಿ ಆಗ ಬಾಯಿಬಿಟ್ಟಳು. ಹಿಂದಿನ ವರ್ಷದ ಪ್ರಶ್ನೆಪತ್ರಿಕೆ ಮನೆಯಲ್ಲಿ ಬಿಡಿಸಿದ್ದೇನೆ, ಎಪ್ಪತ್ತು ಬಂದಿದೆ ಎಂದಳು. ಮಾಳಪ್ಪನ ಮುಖ ಅರಳಿತು. ಒಂಬತ್ತು ಹೆಚ್ಚೇ ಆಯಿತಲ್ಲ. ಆದರೆ ಅವನು ಅಂದು ಬೆಳಿಗ್ಗೆ ಹೊಲಕ್ಕೆ ಹೋಗಿ ಬಂದಿದ್ದ. ನಮ್ಮ ಎರೆಹೊಲದಲ್ಲಿ ಮಳೆಯಾಯಿತೆಂದು ಯಾರೂ ಕೂಡಲೇ ಬಿತ್ತುವುದಿಲ್ಲ. ಅಗೆದು, ಹಸಿ ಎಷ್ಟು ಆಳಕ್ಕೆ ಇಳಿದಿದೆ ಎಂದು ಗೇಣು ಹಾಕಿ ನೋಡುತ್ತಾರೆ. ಎಲ್ಲಿ ಅಗೆಯುತ್ತೀರಿ ಎಂಬುದು ಮುಖ್ಯ. ಬದುವಿನ ಪಕ್ಕ ನೀರು ನಿಲ್ಲುವುದರಿಂದ ಅಲ್ಲಿ ಯಾವಾಗಲೂ ಹಸಿ ಹೆಚ್ಚು. ಅದನ್ನೇ ನಂಬಿ ಬಿತ್ತಿದರೆ ನಡುಹೊಲದ ಬೀಜ ಅರ್ಧ ಮೊಳೆತು ಒಣಗುತ್ತದೆ. ಮದುವೆಯಾದ ವರ್ಷ ಮಾಳಪ್ಪ ಹಾಗೆ ಮಾಡಿ ಕೈ ಸುಟ್ಟುಕೊಂಡಿದ್ದ.

"ಮಹೇಶಿ, ಆ ಪೇಪರ್ ಬರಿವಾಗ ಪುಸ್ತಕ ಎಲ್ಲಿತ್ತು?"

"ಬಾಜೂಕ ಇತ್ತು. ಎರಡ-ಮೂರ ಸಲ ಅಷ್ಟ ನೋಡೀನಿ."

"ಎದ್ದಿದ್ದೇನು ನಡುವ?"

"ಊಟಕ್ಕ ಎದ್ದಿದ್ದೆ."

"ಹಂಗಾದ್ರ ನೀ ಬದುವಿನ ಬಾಜೂಕ ಅಗದು ನೋಡೀದಿ. ನಡುಹೊಲದಾಗ ಅಗಿ ಯವ್ವಾ."

ಕಾಶೀಂಬಿ ಮಾಳಪ್ಪನನ್ನೇ ನೋಡಿದಳು. "ಇದನ್ನ ನನಗ ಯಾರೂ ಹೇಳಲಿಲ್ಲ, ಕಾಕಾ. ಹೇಳಿದ್ರ ಒಂದ ವರ್ಷ ಉಳೀತಿತ್ತು."

ಮರುದಿನ ಮಹೇಶ್ವರಿ ಬೇರೆ ವರ್ಷದ ಪ್ರಶ್ನೆಪತ್ರಿಕೆ ಹಿಡಿದು ಪಡಸಾಲೆಯಲ್ಲಿ ಕೂತಳು. ತಾಯಿ ಫಕೀರವ್ವ ಅವಳ ಮೊಬೈಲನ್ನು ಜೋಳದ ಡಬ್ಬಿಯೊಳಗೆ ಇಟ್ಟು ಮುಚ್ಚಳ ಹಾಕಿ, ಬಾಗಿಲಲ್ಲಿ ಕೂತಳು. ಹಾಲಿಗೆ ಹೆಪ್ಪು ಕೇಳಲು ಬಂದ ಪಕ್ಕದ ಮನೆಯ ಸಣ್ಣವ್ವನನ್ನು ಕೈಸನ್ನೆಯಲ್ಲೇ ಹಿಂದೆ ಕಳಿಸಿದಳು. ಗೋಡೆಯ ಗಡಿಯಾರದಲ್ಲಿ ಒಂದೂವರೆ ತಾಸು ಮುಗಿದಾಗ ಪೆನ್ನು ಕಸಿದುಕೊಂಡವಳೂ ಅವಳೇ. ಓದಲು ಬಾರದಿದ್ದರೂ ಅವಳಷ್ಟು ಕಟ್ಟುನಿಟ್ಟಿನ ಮೇಲ್ವಿಚಾರಕಿ ಯಾವ ಪರೀಕ್ಷಾ ಕೇಂದ್ರದಲ್ಲೂ ಸಿಗಲಾರಳು.

ಅಂಕ ನಲವತ್ತಾರು.

ಮಹೇಶ್ವರಿ ಅದನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಬರೆದಳು. ಎಪ್ಪತ್ತೆಂಟು ಎಂದು ಊರೆಲ್ಲ ಹೊಗಳುವಾಗ ತನ್ನ ನಲವತ್ತಾರನ್ನು ತಾನೇ ಬರೆದು ಹಾಕುವುದಕ್ಕೆ ಗಟ್ಟಿ ಎದೆ ಬೇಕು. ಆಮೇಲೆ ಅಂಕ ಎಲ್ಲಿ ಹೋಯಿತೆಂದು ಲೆಕ್ಕ ಮಾಡಿದಳು. ಕಾಯಿಲೆಗಳ ಪ್ರಶ್ನೆಗಳು ಬಹುತೇಕ ಸರಿ ಇದ್ದವು. ಸಂಖ್ಯಾಶಾಸ್ತ್ರದ ಇಪ್ಪತ್ತರಲ್ಲಿ ಐದು ಮಾತ್ರ ಸರಿ. ಇಂಗ್ಲಿಷ್ ಓದುವುದು ನಿಧಾನವಾಗಿ ಕೊನೆಯ ಹನ್ನೊಂದನ್ನು ಮುಟ್ಟಿಯೇ ಇರಲಿಲ್ಲ. ಸಂದರ್ಶನದಲ್ಲಿ ರೋಗಿಗಳ ಬಗ್ಗೆ ಕೇಳುತ್ತಾರೆ ಎಂದು ಕಾಶೀಂಬಿ ಹೇಳಿದ್ದಳು. ಅವಳು ಒಬ್ಬ ರೋಗಿಯ ಎದುರಿಗೂ ಕೂತವಳಲ್ಲ.

ಶುಕ್ರವಾರ ಗಜೇಂದ್ರಗಡದ ಕಾಲೇಜಿಗೆ ಬರುತ್ತೇನೆಂದು ಹೇಳಿದಳು. ಮಂಗಳವಾರ ರಜೆ ಬೇಕೆಂದು ಕೇಳಿಕೊಂಡಳು. ಇನ್ನೂ ಎರಡು ಕಡೆ ಅರ್ಜಿ ಹಾಕಿದಳು. "ಸೀಟು ಖಾತ್ರಿ" ಎಂದು ಜಾಹೀರಾತು ಕೊಟ್ಟಿದ್ದ ಮತ್ತೊಂದು ಕಡೆ ಹಾಕಲಿಲ್ಲ. ಕ್ಲಿನಿಕಲ್ ಸೈಕಾಲಜಿ ಕೋರ್ಸುಗಳಿಗೆ ಮಾನ್ಯತೆ ಕೊಡುವುದು ಭಾರತೀಯ ಪುನರ್ವಸತಿ ಮಂಡಳಿ; ಅದು ಒಪ್ಪಿದ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ಆಸ್ಪತ್ರೆಯ ಅನುಮತಿ ಪಡೆದು, ಒಪ್ಪಿದ ರೋಗಿಗಳು ಇದ್ದಾಗ ಮಾತ್ರ, ಮಂಗಳವಾರ ಕಾಶೀಂಬಿಯ ಪಕ್ಕ ಕೂತು ಕೇಳತೊಡಗಿದಳು.

ಆ ವರ್ಷ ಪರೀಕ್ಷೆ ಬರೆದರೂ ದೊಡ್ಡ ಸಂಸ್ಥೆಯಿಂದ ಕರೆ ಬರಲಿಲ್ಲ. ಉಳಿದೆರಡರಲ್ಲಿ ಒಂದು ಸಂದರ್ಶನಕ್ಕೆ ಕರೆಯಿತು. ರೋಗಿಗಳನ್ನು ನೋಡಿದ್ದೀರಾ ಎಂದು ಕೇಳಿದರು. "ನಾಲ್ಕು ಮಂಗಳವಾರ ಪಕ್ಕದಲ್ಲಿ ಕೂತು ಕೇಳಿದ್ದೇನೆ. ಮಾತಾಡಿಸುವಷ್ಟು ಇನ್ನೂ ಕಲಿತಿಲ್ಲ" ಎಂದಳು. ಕಾಯುವವರ ಪಟ್ಟಿಯಲ್ಲಿ ಮೂರನೆಯವಳಾದಳು. ಪಟ್ಟಿ ಎರಡನೆಯವರ ತನಕ ಬಂದು ನಿಂತಿತು.

ಅಕ್ಕಪಕ್ಕದವರು ಮುಖ ಬಾಡಿಸಿಕೊಂಡು ಬಂದರು. ಯಾರೋ ಸತ್ತಾರನ್ನೂ ಹಂಗ ಬಂದೀರಲ್ಲ ಎಂದು ಫಕೀರವ್ವ ಬೈದು ಚಹಾ ಕೊಟ್ಟಳು. ವಶೀಲಿ ಇಲ್ಲದವರ ಹಣೆಬರಹ ಇಷ್ಟೇ ಎಂದಳು ಸಣ್ಣವ್ವ.

ಉತ್ತರ ಕೊಟ್ಟದ್ದು ಮಾಳಪ್ಪ. "ವಶೀಲಿ ಅಲ್ಲಬೇ. ನಮ್ಮ ಹಸಿ ಇನ್ನ ನಾಕ ಬೆರಳ ಕಮ್ಮಿ ಇತ್ತು. ಎಲ್ಲಿ ಕಮ್ಮಿ ಅನ್ನೂದು ನಮಗ ಗೊತ್ತೈತಿ."

ಮುಂದಿನ ಹನ್ನೊಂದು ತಿಂಗಳು ಕ್ಯಾಲೆಂಡರಿನ ಮೇಲೆ ಅಂಕಗಳು ಬಿದ್ದವು: ಐವತ್ತೆರಡು, ನಲವತ್ತೊಂಬತ್ತು, ಐವತ್ತೇಳು, ಅರವತ್ತನಾಲ್ಕು. ಎಲ್ಲವೂ ಪುಸ್ತಕ ಮುಚ್ಚಿ ಬರೆದವು. ಈ ವರ್ಷ, ಹೋದ ಸಲ ಕಾಯಿಸಿದ ಅದೇ ಸಂಸ್ಥೆಯಲ್ಲಿ ಮಹೇಶ್ವರಿಗೆ ಸೀಟು ಸಿಕ್ಕಿದೆ. ಅವಳು ಹೊರಟ ದಿನ ಹೆಸರುಕಾಯಿ ಬಿಡಿಸುವ ಗಡಿಬಿಡಿ. ಮಾಳಪ್ಪನಿಗೆ ಬಸ್ ನಿಲ್ದಾಣದ ತನಕ ಬರಲೂ ಆಗಲಿಲ್ಲ. ಹೊಲದಿಂದಲೇ ಕೈ ಎತ್ತಿದ.

ರೋಣ, ನರಗುಂದ, ಗಜೇಂದ್ರಗಡದ ಓದುವ ಮಕ್ಕಳೇ, ಅವರ ತಂದೆತಾಯಂದಿರೇ, ನಮ್ಮ ತಾಲೂಕುಗಳಿಗೆ ಮನಸ್ಸಿನ ಕಾಯಿಲೆ ನೋಡುವವರು ಬೇಕು. ನೀವು ಹೊರಡಿ. ಆದರೆ ಊರು ಹೇಳುವ ಭವಿಷ್ಯ ನಂಬಿ ಹೊರಡಬೇಡಿ. ಕೋರ್ಸುಗಳ ಹೆಸರು, ನಿಯಮ ಬದಲಾಗುತ್ತಿರುತ್ತವೆ. ಮಂಡಳಿಯ ಜಾಲತಾಣ ನೋಡಿ, ಓದಿ ಬಂದ ಒಬ್ಬರನ್ನಾದರೂ ಕಂಡು ಕೇಳಿ. ಒಂದೇ ಕಡೆ ಅರ್ಜಿ ಹಾಕಬೇಡಿ, ಕೈಯಲ್ಲಿರುವ ಕೆಲಸ ಬಿಡಬೇಡಿ. ಇಷ್ಟೆಲ್ಲ ಮಾಡಿದರೂ ಸೀಟು ಸಿಗದಿರಬಹುದು. ಆಗ ಏಕೆ ಸಿಗಲಿಲ್ಲ ಎಂಬುದಾದರೂ ನಿಮಗೆ ಗೊತ್ತಿರುತ್ತದೆ.

ಈ ಭಾನುವಾರ ಒಂದು ಹಳೆಯ ಪ್ರಶ್ನೆಪತ್ರಿಕೆ ತೆಗೆದುಕೊಳ್ಳಿ. ಮೊಬೈಲನ್ನು ಅವ್ವನ ಕೈಗೆ ಕೊಡಿ, ಪುಸ್ತಕ ಮುಚ್ಚಿ. ಬಂದ ಅಂಕವನ್ನು ಮನೆಯವರಿಗೆ ಕಾಣುವಂತೆ ಗೋಡೆಗೆ ಬರೆಯಿರಿ. ಆಮೇಲೆ ಅರ್ಜಿ ತುಂಬಿರಿ.