ಹೊಳೆಯ ಈಚೆ ದಡದ ಸಾವು

ಒಂದೇ ಟ್ಯಾಂಕು, ಒಂದೇ ವಿಷಗಾಳಿ, ಒಂದೇ ಬೆಳಿಗ್ಗೆ. ಹಾಲಿನ ಕಾರ್ಖಾನೆಯ ಕೊಳೆ ತೊಳೆಯಲು ಇಳಿದ ಐವೊ, ಕ್ಲೆಮ್ ಇಬ್ಬರೂ ಸತ್ತರು. ಆದರೆ ವೇಲ್ಸ್ ಗಡಿಯ ಆ ಊರಲ್ಲಿ ಸಾವಿಗೂ ಜಿಲ್ಲೆಯಿದೆ ನೋಡಿ. ಹೆಣ ಎಲ್ಲಿ ಮಲಗಿದೆಯೋ ಅಲ್ಲಿನ ಕೊರೋನರ್, ಅಂದರೆ ಸಾವಿನ ಕಾರಣ ವಿಚಾರಿಸುವ ಅಧಿಕಾರಿ, ಹೇಳಿದ್ದೇ ವೇದವಾಕ್ಯ.

ಕ್ಲೆಮ್ ಸತ್ತದ್ದು ಹೊಳೆಯಾಚೆಯ ಆಸ್ಪತ್ರೆಯಲ್ಲಿ. ಅಲ್ಲಿನ ಕೊರೋನರಮ್ಮ ನಾಲ್ಕು ದಿನ ಮ್ಯಾನೇಜರನ ಬೆವರಿಳಿಸಿದಳು. 'ಕಾರ್ಖಾನೆ ಮಾಡಿದ ಕೊಲೆ' ಎಂದಾಯಿತು. ಐವೊ ಸತ್ತದ್ದು ಈಚೆ. ಇಲ್ಲಿನವನು ಮ್ಯಾನೇಜರನ ಪತ್ರ ಓದಿ, ಇಪ್ಪತ್ತೇ ನಿಮಿಷದಲ್ಲಿ 'ಆಕಸ್ಮಿಕ' ಎಂದು ಬರೆದು ಊಟಕ್ಕೆದ್ದ. ಅವನ ಬಾಯಿಗೆ ಮಣ್ಣು ಬೀಳ.

ಅದಕ್ಕಿಂತ ಐವೊನ ಹೆಂಡತಿ ನೆಸ್ಟಾಳ ನಿದ್ದೆ ಕೆಡಿಸಿದ್ದು ಇನ್ನೊಂದು. "ಎರಡೂ ಆಸ್ಪತ್ರೆ ಅಷ್ಟೇ ದೂರ, ಎಲ್ಲಿಗೆ ತರಲಮ್ಮ?" ಎಂದು ಆಂಬುಲೆನ್ಸಿನವನು ಫೋನಿನಲ್ಲಿ ಕೇಳಿದ್ದ. "ಈಚೇಗೇ ತನ್ನಿ, ಓಡಿ ಬರ್ತೀನಿ" ಎಂದವಳು ಅವಳೇ.

'ಆಕಸ್ಮಿಕ' ಅಳಿಸಿ ಎಂದು ಎರಡು ವರ್ಷ ಅರ್ಜಿ ಬರೆದಳು. ಕೊನೆಗೆ, ಎಲ್ಲ ಕೊರೋನರ್‌ಗಳ ಮೇಲೂ ಕಣ್ಣಿಡುವ ಲಂಡನ್ ಕಚೇರಿಯಿಂದ ಪೆಂಬರ್ಟನ್ ಎಂಬಾತ ಬಂದ. ಕ್ಲೆಮ್‌ನ ಹೆಂಡತಿ ಡಿಲಿಸ್ ಬಂದು ನೆಸ್ಟಾಳ ಪಕ್ಕ ಕೂತಳು.

"ನಮ್ಮ ಕಣ್ಣು ತೆರೆಸಿದ್ರಿ ಅಮ್ಮ. ಇನ್ಮೇಲೆ ಎರಡೂ ದಡಕ್ಕೂ ಒಂದೇ ನಿಯಮ. ನಿಮ್ಮ ಯಜಮಾನರ ವಿಷಯಾನೇ ತರಬೇತೀಲಿ ಪಾಠ ಮಾಡ್ತೀವಿ."

"ಹಾಗಾದ್ರೆ ಆಕಸ್ಮಿಕ ಅನ್ನೋದು ಹೋಗುತ್ತಾ ಸಾರ್?"

"ಮುಗಿದ ತೀರ್ಪು ನಾವು ಮುಟ್ಟೋ ಹಾಗಿಲ್ಲ, ಅದಕ್ಕೆ ಹೈಕೋರ್ಟಿಗೇ ಹೋಗ್ಬೇಕು. ಈ ನಿಯಮ ಏಪ್ರಿಲ್ ಒಂದರ ಮೇಲೆ ಸತ್ತವರಿಗೆ."

"ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ," ಎಂದಳು ಡಿಲಿಸ್.

"ಬಿಡೇ," ಎಂದಳು ನೆಸ್ಟಾ. "ನಮ್ಮೋನು ಎರಡು ವರ್ಷ ತಡ್ಕೊಂಡು ಸಾಯ್ಬೇಕಿತ್ತು, ಅಷ್ಟೇ."

ಪೆಂಬರ್ಟನ್ ಒಂದು ಹಾಳೆ ಮುಂದಿಟ್ಟ. ಐವೊನ ಕತೆಯನ್ನು ಪಾಠಕ್ಕೆ ಬಳಸಲು ಹೆಂಡತಿಯ ಒಪ್ಪಿಗೆ ಬೇಕಂತೆ. ಹೆಸರು, ವಯಸ್ಸು, ಅದರ ಕೆಳಗೆ ಅಚ್ಚಾಗಿತ್ತು: ಸಾವಿನ ಬಗೆ, ಆಕಸ್ಮಿಕ. ಕೊನೆಯ ಸಾಲು: 'ಮೇಲಿನದೆಲ್ಲ ನಿಜವೆಂದು ಒಪ್ಪುತ್ತೇನೆ.'

"ಈ ಆಕಸ್ಮಿಕ ಅನ್ನೋದನ್ನ ಹೊಡೆದು ಹಾಕಿ ಸಹಿ ಮಾಡ್ಲಾ?"

"ಹಾಳೆ ಅಸಿಂಧು ಆಗುತ್ತಮ್ಮ. ಪಾಠಕ್ಕೆ ಬರೋಲ್ಲ."

ಇನ್ನೊಬ್ಬಳಿಗೆ ಈ ಗತಿ ಬಾರದಿರಲಿ ಎಂದರೆ ಪಾಠ ಬೇಕು. ನೆಸ್ಟಾ ಪೆನ್ನು ತೆಗೆದುಕೊಂಡಳು. 'ಆಕಸ್ಮಿಕ'ದ ಕೆಳಗೆ ಸಹಿ ಹಾಕಿದಳು.