ಎಡಗಾಲಿನ ಚರ್ಮ

ಬ್ಯಾಂಡೇಜಿನಲ್ಲಿ ಬಿಟ್ಟಿದ್ದ ಚಿಕ್ಕ ಕಿಂಡಿಗೆ ಟಾರ್ಚ್ ಹಿಡಿದ ನರ್ಸ್ ಹಾಗೇ ನಿಂತುಬಿಟ್ಟಳು.

"ದೀದಿ, ಇದು ಯಾವಾಗಿಂದ?"

ಧಾರಿಣಿ ಬಗ್ಗಿ ನೋಡಿದಳು. ಮಗಳ ಬಲಪಾದದ ಮೇಲೆ ಹೊಲಿದಿದ್ದ ಗುಲಾಬಿ ಚರ್ಮದ ನಡುವೆ ಕಡಲೆಕಾಳಿನಷ್ಟು ಕಪ್ಪು. ನಿನ್ನೆ ಸಂಜೆ ಇರಲಿಲ್ಲ.

ಗುಲಾಬಿ ಇದ್ದರೆ ಬದುಕಿದೆ, ಕಪ್ಪಾದರೆ ಸತ್ತಿದೆ, ಸತ್ತರೆ ಪಾದ ಉಳಿಸುವುದು ಕಷ್ಟ ಎಂದು ಸರ್ಜನ್ ಮೊದಲೇ ಹೇಳಿದ್ದರು. ರಿಂಗ್ ರೋಡಿನಲ್ಲಿ ಟ್ರಕ್ಕಿನ ಚಕ್ರ ಅಪೂರ್ವಳ ಪಾದದ ಮಾಂಸವನ್ನು ಎಲುಬಿನವರೆಗೂ ಕಿತ್ತುಕೊಂಡು ಹೋಗಿತ್ತು. ಸ್ಕೂಟರ್ ಓಡಿಸುತ್ತಿದ್ದ ಅವಳಪ್ಪ ಜೀವನ್ ಅಲ್ಲೇ ತೀರಿಹೋಗಿದ್ದ. ಮಗಳ ಎಡ ಮೀನಖಂಡದಿಂದ ಚರ್ಮದ ಒಂದು ಪಟ್ಟಿಯನ್ನು ಬಿಡಿಸಿ, ಬುಡ ಮಾತ್ರ ಕತ್ತರಿಸದೆ, ಬಲಪಾದಕ್ಕೆ ಹೊಲಿದಿದ್ದರು. ಹೊಸ ಜಾಗದಲ್ಲಿ ಬೇರು ಹಿಡಿಯುವವರೆಗೆ ಎಡಗಾಲಿನ ರಕ್ತವೇ ಅದನ್ನು ಸಾಕಬೇಕು. ಅದಕ್ಕೇ ಆರು ವರ್ಷದ ಹುಡುಗಿಯ ಎರಡೂ ಕಾಲುಗಳನ್ನು ಒಂದಕ್ಕೊಂದು ಸೇರಿಸಿ ಪ್ಲಾಸ್ಟರ್ ಹಾಕಿದ್ದರು.

"ಮಮ್ಮಾ, ಕ್ಯಾ ಹುವಾ? ಏನಾಯ್ತು?"

"ಏನಿಲ್ಲ ಪುಟ್ಟಾ."

ನರ್ಸ್ ಫೋನ್ ಮಾಡುತ್ತಾ ಹೊರಗೋಡಿದಳು. ಧಾರಿಣಿ ನಿಂತಲ್ಲೇ ನಿಂತಳು. ಆ ಕಪ್ಪನ್ನು ಅವಳು ಮೊದಲೂ ನೋಡಿದ್ದಳು. ಶವಾಗಾರದಲ್ಲಿ ಬಿಳಿ ಬಟ್ಟೆ ಸರಿಸಿ ಯಾರೋ "ಇವರೇನಾ?" ಎಂದು ಕೇಳಿದ್ದರು. ಅವಳು ಮುಖ ನೋಡಿರಲಿಲ್ಲ. ಜೀವನ್‌ನ ಉಗುರುಗಳನ್ನಷ್ಟೇ ನೋಡಿ ಹೌದು ಅಂದಿದ್ದಳು.

ಸರ್ಜನ್ ಕೋಟನ್ನೂ ಹಾಕಿಕೊಳ್ಳದೆ ಬಂದರು. ಅವರ ಹಿಂದೆಯೇ ಬಿಸಿನೀರಿನ ಫ್ಲಾಸ್ಕ್ ಹಿಡಿದ ಅತ್ತೆ ಗಿರಿಜಮ್ಮ. ಸರ್ಜನ್ ಗ್ಲೌಸ್ ಹಾಕಿ ಚುಕ್ಕೆಯ ಮೇಲೆ ಮೆಲ್ಲಗೆ ಒತ್ತಿದರು. ಬೆರಳು ಎತ್ತಿದಾಗ ತುದಿ ಕಪ್ಪಾಗಿತ್ತು. ಮೂಗಿನ ಹತ್ತಿರ ಹಿಡಿದರು.

"ಇದು ಕಾಜಲ್! ಯಾರು ಹಚ್ಚಿದ್ದು?"

ಗಿರಿಜಮ್ಮ ಫ್ಲಾಸ್ಕನ್ನು ಕೆಳಗಿಟ್ಟರು.

"ದೃಷ್ಟಿಬೊಟ್ಟು," ಎಂದರು ಸೊಸೆಗೆ. "ಬೆಳಗ್ಗೆ ನೀನು ಸ್ನಾನಕ್ಕೆ ಹೋದಾಗ ಇಟ್ಟೆ. ನಿನ್ನೆ ರೋಹಿಣಿ ಬಡಾವಣೆಯಿಂದ ನೋಡೋಕೆ ಬಂದೋರೆಲ್ಲ ಚರ್ಮ ಎಷ್ಟು ಚೆನ್ನಾಗಿ ಕೂತಿದೆ, ಎಷ್ಟು ಚೆನ್ನಾಗಿ ಕೂತಿದೆ ಅಂತ ಅಂದಿದ್ದೇ ಅಂದಿದ್ದು. ಕೆನ್ನೆಗಿಟ್ಟರೆ ಏನು ಬಂತು? ಅವರು ನೋಡೋದು ಕಾಲನ್ನಲ್ವಾ."

"ಅತ್ತೆ, ಅದು ಗಾಯ."

"ಅವನಿಗೂ ಇಡ್ತಿದ್ದೆ. ದೊಡ್ಡವನಾದ ಅಂತ ಬಿಟ್ಟೆ."

"ಏನಂತಾರೆ?" ಸರ್ಜನ್ ಕೇಳಿದರು. ಧಾರಿಣಿ ದೃಷ್ಟಿಬೊಟ್ಟಿನ ಮಾತನ್ನಷ್ಟೇ ಹಿಂದಿಯಲ್ಲಿ ಹೇಳಿದಳು.

ಸರ್ಜನ್‌ಗೆ ಬೈಯಲೋ ನಗಲೋ ತಿಳಿಯಲಿಲ್ಲ. "ಮಾತಾಜಿ, ಇನ್ಮೇಲೆ ಇಡೋದಾದರೆ ನನ್ನ ಕೆನ್ನೆಗೆ ಇಡಿ. ಹೊಲಿದವನು ನಾನು. ಇಲ್ಲಿ ಕೈ ಹಚ್ಚಿದರೆ ಕೀವಾಗುತ್ತೆ." ಮಸಿಯನ್ನು ಪೂರ್ತಿ ಒರೆಸಿದರು. ಕೆಳಗಿನ ಚರ್ಮ ಗುಲಾಬಿಯಾಗಿತ್ತು. ಆದರೂ ನಂಬಿಕೆ ಸಾಲದೆ ಸೂಜಿ ತೆಗೆದು ಒಮ್ಮೆ ಚುಚ್ಚಿದರು. ಕೆಂಪು ಹನಿ ತಕ್ಷಣ ಮೇಲೆದ್ದಿತು.

"ಆಯೀ!" ಅಪೂರ್ವ ಚೀರಿದಳು.

"ಎಲ್ಲಿ ನೋವಾಯ್ತು ಬೇಟಾ?"

"ಯಹಾಂ," ಎಂದು ಅವಳು ಎಡಗಾಲನ್ನು ತೋರಿಸಿದಳು. "ಅಂಕಲ್, ಚುಚ್ಚಿದ್ದು ನೀವೇ, ನಿಮಗೇ ಗೊತ್ತಿಲ್ವಾ?"

ಸರ್ಜನ್ ನಕ್ಕರು. ಬಾಗಿಲ ಬಳಿ ಧಾರಿಣಿಗೆ ಹೇಳಿದರು, "ಜೀವಂತ ಇದೆ, ಹೆದರಬೇಡಿ. ಮನೆ ಬದಲಾಯಿಸಿದ್ದು ಆ ಚರ್ಮಕ್ಕಿನ್ನೂ ಗೊತ್ತಾಗಿಲ್ಲ, ಅಷ್ಟೇ."

"ಯಾವಾಗ ಗೊತ್ತಾಗುತ್ತೆ?"

"ತಿಂಗಳುಗಳು ಬೇಕು. ಕೆಲವರಿಗೆ ಪೂರ್ತಿ ಗೊತ್ತಾಗೋದೇ ಇಲ್ಲ."

ಮಧ್ಯಾಹ್ನ ಗಿರಿಜಮ್ಮ ಸೆರಗು ಹೊದ್ದು ಬೆಂಚಿನ ಮೇಲೆ ಮಲಗಿದ್ದರು. ಮಗಳೂ ನಿದ್ದೆಹೋಗಿದ್ದಳು. ಧಾರಿಣಿ ಕೈ ತೊಳೆದುಕೊಂಡು ಬಂದಳು. ಬ್ಯಾಂಡೇಜಿನ ಕಿಂಡಿಯೊಳಗೆ ಕಿರುಬೆರಳಿನ ತುದಿಯನ್ನು ಮುಟ್ಟಿಯೂ ಮುಟ್ಟದ ಹಾಗೆ ಇಟ್ಟಳು. ಬೆಚ್ಚಗಿತ್ತು.

ಪ್ಲಾಸ್ಟರಿನ ಇನ್ನೊಂದು ತುದಿಯಲ್ಲಿ ಎಡಗಾಲಿನ ಬೆರಳುಗಳು ಮೆಲ್ಲಗೆ ಮಡಚಿಕೊಂಡವು.