ಟ್ರಂಕಿನಲ್ಲಿಟ್ಟ ಗೂಡುಗಳು

1
ಸತ್ತ ಜೀವಕೋಶಗಳಿಂದ ಕತೆ ಆರಂಭಿಸಬಹುದೇ? ನೀವು ಎದ್ದುಹೋದೀರಿ ಎಂಬ ಭಯ. ಹಾಗಾಗಿ ಮೊದಲು ಬಸ್ಸಿನಿಂದ ಆರಂಭಿಸಿದ್ದೆ: ರೂಪಶ್ರೀ ಕುಣಿಗಲ್‌ನಲ್ಲಿ ಬಸ್ಸು ಬದಲಿಸಿ ತುಮಕೂರಿಗೆ ಬರುತ್ತಾಳೆ, ಮಡಿಲಲ್ಲಿ ರೇಷ್ಮೆಗೂಡಿನ ಚೀಲ. (ಹರಿದುಹಾಕಿದೆ. ಬಸ್ಸಿನಲ್ಲಿ ಏನೂ ಆಗಲಿಲ್ಲ.)

2
ಸರಿ, ನೇರವಾಗಿ ಹೇಳುತ್ತೇನೆ. ರೂಪಶ್ರೀ ತುಮಕೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಉಳಿದ ಹೊತ್ತು ಗೂಡು ಬೇಯಿಸಿ, ಅಂಟು ತೆಗೆದು, ರೇಷ್ಮೆ ಕರಗಿಸಿ, ಮಾಯದ ಗಾಯಕ್ಕೆ ಹೊದಿಸುವ ತೆಳುಪೊರೆ ಮಾಡುತ್ತಾಳೆ. ಪೊರೆಯ ಮೇಲೆ ಚರ್ಮದ ಜೀವಕೋಶ ಬೆಳೆಯಬೇಕು. ಮೂರು ಸಲವೂ ಸತ್ತವು.

"ಇನ್ನೊಂದ್ ಸಲ ನೋಡಿ ಮೇಡಂ. ಆಗ್ಲಿಲ್ವಾ, ಪ್ರಾಜೆಕ್ಟ್ ಕ್ಲೋಸ್ ಮಾಡೋಣ," ಎಂದರು ವಿಭಾಗದ ಮುಖ್ಯಸ್ಥ ಗಂಗಾಧರ್. ಆರು ವರ್ಷದ ಕೆಲಸ.

(ಇಲ್ಲಿ ಅವಳ ಕಣ್ಣಲ್ಲಿ ನೀರು ತರಿಸಲು ನೋಡಿದೆ. "ಪಿಪೆಟ್ ಹಿಡ್ದಿದೀನಿ, ಈಗ ಅತ್ರೆ ಹನಿ ಲೆಕ್ಕ ತಪ್ಪತ್ತೆ. ಆಮೇಲೆ ಅಳ್ತೀನಿ ಬಿಡ್ರೀ," ಅಂದಳು.)

3
ಸುಳಿವು ಕೊಟ್ಟವಳು ಗುಬ್ಬಿಯಿಂದ ಬರುವ ವಿದ್ಯಾರ್ಥಿನಿ ಸಿಂಚನಾ. ಗೂಡಿನ ಚೀಲದೊಳಗೆ ಮೂಗಿಟ್ಟು, "ಮೇಡಂ, ನಮ್ಮಜ್ಜಿ ಟ್ರಂಕ್ ವಾಸ್ನೆ!" ಎಂದಳು.

ಗೂಡು ಕೊಡುತ್ತಿದ್ದವರು ಹುಲಿಯೂರುದುರ್ಗದ ಚಿಕ್ಕಮ್ಮ ಪುಟ್ಟತಾಯಮ್ಮ. ರೂಪಶ್ರೀ ಫೋನ್ ಮಾಡಿದಳು.

"ಚಿಕ್ಕಮ್ಮ, ಗೂಡು ಎಲ್ಲಿಟ್ಟಿರ್ತೀರಾ?"

"ಟ್ರಂಕ್‌ನಾಗೆ ಕಣೇ, ನನ್ ಧಾರೆ ಸೀರೆ ಜೊತೆ. ರೇಷ್ಮೆ ಅಲ್ವಾ, ಹುಳ ಬೀಳ್ಬಾರ್ದು ಅಂತ ನುಸಿಗುಳಿಗೆ ಹಾಕ್ತೀನಿ. ಯಾಕೆ, ಸಾಲ್ದಾ? ಇನ್ನೊಂದ್ ನಾಕ್ ಹಾಕ್ಲಾ?"

ಹುಳ ಕಟ್ಟಿದ ಗೂಡಿಗೇ ಹುಳ ಬೀಳದ ಗುಳಿಗೆ! ಅದರ ವಿಷವೇ ಪೊರೆಗಿಳಿದು ಕೋಶಗಳನ್ನು ಕೊಂದಿರಬಹುದೇ?

ಡಾಕ್ಟರೇಟ್ ಮಾಡಿದವಳಿಗೆ ವಾಸನೆ ಗೊತ್ತಾಗಲಿಲ್ಲವೇ ಎನ್ನುತ್ತೀರಿ. ಗೊತ್ತಾಗಿತ್ತು. ಚೀಲ ಬಿಚ್ಚಿದಾಗಲೆಲ್ಲ ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದಳು. ಅವಳ ಮಟ್ಟಿಗೆ ಅದು ಚಿಕ್ಕಮ್ಮನ ವಾಸನೆ.

4
ಈಗ ಎರಡು ತಟ್ಟೆ: ಒಂದರಲ್ಲಿ ಟ್ರಂಕಿನ ಗೂಡಿನ ಪೊರೆ, ಇನ್ನೊಂದರಲ್ಲಿ ಹುಳು ಸಾಕುವ ಮನೆಯಿಂದ ನೇರ ತಂದ ಗೂಡಿನದು. ಎರಡರ ಮೇಲೂ ಕೋಶ ಬಿಟ್ಟು, ಬೆಚ್ಚಗಿಡುವ ಇನ್‌ಕ್ಯುಬೇಟರಿನ ಒಳಗೆ.

ಕೊನೆ ಅ: ಕೋಶಗಳು ಬೆಳೆದವು. ಪುಟ್ಟತಾಯಮ್ಮನ ಕಾಲಿನ ಸಕ್ಕರೆ ಕಾಯಿಲೆಯ ಹುಣ್ಣಿಗೇ ಆ ಪೊರೆ ಹಾಕಿ...

"ಸುಳ್ಳು ಬರೀಬೇಡಿ," ಗದರಿದಳು ರೂಪಶ್ರೀ. "ಮೊದ್ಲು ಇಲಿ ಮೇಲೆ ಆಗ್ಬೇಕು. ಪರ್ಮಿಷನ್ ಬೇಕು. ವರ್ಷಗಟ್ಲೆ ಹಿಡಿಯತ್ತೆ."

ಕೊನೆ ಆ: ಗುಳಿಗೆ ಕಾರಣವೇ ಅಲ್ಲ. ಎರಡೂ ತಟ್ಟೆಯಲ್ಲಿ ಸಾವು. (ಬರೆದೆ. ಹೊಡೆದುಹಾಕಿದೆ. ಮತ್ತೆ ಬರೆದೆ.)

ಇವತ್ತು ಬೆಳಿಗ್ಗೆ ಮೈಕ್ರೋಸ್ಕೋಪಿನಲ್ಲಿ ಕಂಡದ್ದಿಷ್ಟು: ಹೊಸ ಗೂಡಿನ ಪೊರೆಯ ಒಂದು ಮೂಲೆಯಲ್ಲಿ ಹತ್ತೋ ಹನ್ನೆರಡೋ ಕೋಶಗಳು ಕಾಲು ಚಾಚಿ ಅಂಟಿಕೊಂಡಿದ್ದವು. ಹಿಂದೆ ಈ ಹೊತ್ತಿಗೆ ಎಲ್ಲವೂ ಸತ್ತು ಗುಂಡಗಾಗಿ ತೇಲುತ್ತಿದ್ದವು.

ಮುಂದೇನಾಯಿತೆಂದು ನಾನೇ ತಡೆಯಲಾರದೆ ಇನ್‌ಕ್ಯುಬೇಟರ್ ತೆರೆದು ಇಣುಕಿದೆ.

"ಬಾಗ್ಲು ಹಾಕ್ರೀ," ಅಂದಳು ರೂಪಶ್ರೀ. "ಶಾಖ ಹೋಗತ್ತೆ. ಅವಕ್ಕೆ ಇನ್ನೂ ಎರಡ್ ದಿನ ಬೇಕು."

ಹಾಕಿದೆ.